ಹಿತ್ತಿಲ ಶುಂಠಿ: ಹೊಟ್ಟೆಗೆ ಎಷ್ಟು, ತೂಕಕ್ಕೆ ಎಷ್ಟು?

ಬಂಟ್ವಾಳ ತಾಲ್ಲೂಕಿನ ಕನ್ಯಾನವು ವಿಟ್ಲದ ಆಚೆ, ಕಾಸರಗೋಡು ಜಿಲ್ಲೆಯ ಗಡಿಯ ಬದಿಯಲ್ಲಿರುವ ಗ್ರಾಮ. ಮುರಕಲ್ಲಿನ ಗುಡ್ಡೆಗಳು, ಅವುಗಳ ಬುಡದಲ್ಲಿ ಅಡಿಕೆ ತೋಟ, ತೋಟದೊಳಗೆ ಕರಿಮೆಣಸು ಮತ್ತು ಬಾಳೆ, ಮೇಲಿನ ಒಣ ಜಾಗದಲ್ಲಿ ಗೇರು, ಇದು ಇಲ್ಲಿನ ಬೇಸಾಯದ ರೀತಿ. ಶುಂಠಿ ಇಲ್ಲಿ ಹಣದ ಬೆಳೆಯಲ್ಲ. ಎಕರೆಗಟ್ಟಲೆ ಶುಂಠಿಯನ್ನು ನೋಡಬೇಕಾದರೆ ಘಟ್ಟ ಹತ್ತಿ ಕೊಡಗು, ಹಾಸನ, ಮೈಸೂರು, ಶಿವಮೊಗ್ಗದ ಕಡೆಗೆ ಹೋಗಬೇಕು. ಕನ್ಯಾನ, ಕರೋಪಾಡಿ, ಅಳಿಕೆಯ ಸುತ್ತುಮುತ್ತ ಅದು ಹಿತ್ತಿಲಿನ ನಾಲ್ಕಾರು ಬುಡಗಳ ಗಿಡ. ತಂಬುಳಿಗೆ, ಮಜ್ಜಿಗೆ ನೀರಿಗೆ, ಚಟ್ನಿಗೆ, ಶೀತ ನೆಗಡಿಯಾದಾಗ ಕಷಾಯಕ್ಕೆ ಬೇಕಾಗುವ ವಸ್ತು. ಗಡಿಯ ಊರಾದ್ದರಿಂದ ಮಲಯಾಳ ಆಡುವ ಮನೆಗಳೂ ಇವೆ. ಅಲ್ಲಿ ಹಸಿಯದು ಇಂಜಿ, ಒಣಗಿದ್ದು ಚುಕ್ಕು. ಒಂದೇ ಗೆಡ್ಡೆಗೆ ಎರಡು ಹೆಸರಿಟ್ಟಿರುವುದು ಸುಮ್ಮನೆ ಅಲ್ಲ.

ಇತ್ತೀಚಿನ ವರ್ಷಗಳಲ್ಲಿ ಈ ಗಿಡಕ್ಕೆ ಹೊಸದೊಂದು ಕೆಲಸವನ್ನು ವಹಿಸಲಾಗಿದೆ: ಮೈ ಕರಗಿಸುವುದು. ಬೆಳಿಗ್ಗೆ ಬರಿಹೊಟ್ಟೆಗೆ ಶುಂಠಿ ನೀರು ಕುಡಿದರೆ ಬೊಜ್ಜು ಇಳಿಯುತ್ತದೆ, ಸಕ್ಕರೆ ಕಾಯಿಲೆ ಹೋಗುತ್ತದೆ ಎಂಬ ಮಾತು ಮೊಬೈಲಿನಲ್ಲಿ ಮನೆಮನೆಗೂ ತಲುಪುತ್ತಿದೆ. ಅದೇ ಮಾತನ್ನು ಅಚ್ಚು ಹಾಕಿದ ಪುಡಿಯ ಪೊಟ್ಟಣಗಳೂ ಪೇಟೆಯಲ್ಲಿ ಸಿಗುತ್ತವೆ. ಹಿತ್ತಿಲಲ್ಲಿಯೇ ಇರುವ ವಸ್ತುವಿಗೆ ದುಬಾರಿ ಬೆಲೆ ಕೊಡುವುದು ಒಂದು ನಷ್ಟ. ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ಬಿಟ್ಟು ಕಷಾಯವನ್ನೇ ನಂಬಿ ಕೂರುವುದು ಅದಕ್ಕಿಂತ ಬಹಳ ದೊಡ್ಡ ನಷ್ಟ. ಆದ್ದರಿಂದ ಶುಂಠಿ ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು, ದಿನಕ್ಕೆ ಎಷ್ಟು ಸಾಕು, ಮನೆಗೆ ಬೇಕಾದಷ್ಟನ್ನು ಹೇಗೆ ಬೆಳೆದುಕೊಳ್ಳಬಹುದು ಎಂಬುದನ್ನು ರೈತ ಕುಟುಂಬಗಳೂ ಅವರಿಗೆ ತಿಳಿವಳಿಕೆ ನೀಡುವ ವಿಸ್ತರಣಾ ಕಾರ್ಯಕರ್ತರೂ ತಿಳಿದಿರುವುದು ಅಗತ್ಯ.

ಗೆಡ್ಡೆಯಲ್ಲಿ ಏನಿದೆ?

ನೂರು ಗ್ರಾಂ ಹಸಿ ಶುಂಠಿಯಲ್ಲಿ ಸುಮಾರು 80 ಗ್ರಾಂ ನೀರೇ ಇರುತ್ತದೆ. ಉಳಿದುದರಲ್ಲಿ ಹೆಚ್ಚಿನ ಪಾಲು ಪಿಷ್ಟ ಮತ್ತು ನಾರು. ಸಸಾರಜನಕ 2 ಗ್ರಾಂಗೂ ಕಡಿಮೆ, ಕೊಬ್ಬು 1 ಗ್ರಾಂಗೂ ಕಡಿಮೆ. ಇಷ್ಟರಿಂದ ದೊರೆಯುವ ಶಕ್ತಿ ಸುಮಾರು 80 ಕ್ಯಾಲೊರಿ. ಆದರೆ ಯಾರೂ ಒಂದು ದಿನಕ್ಕೆ ನೂರು ಗ್ರಾಂ ಶುಂಠಿಯನ್ನು ತಿನ್ನುವುದಿಲ್ಲ. ಐದು ಹತ್ತು ಗ್ರಾಂನಿಂದ ಶರೀರಕ್ಕೆ ಪೋಷಣೆ ಎಂದು ಹೇಳುವಂಥದ್ದು ಏನೂ ದೊರೆಯದು. ಶುಂಠಿಯ ಗುಣವಿರುವುದು ಅದರ ಖಾರದಲ್ಲಿ ಮತ್ತು ಪರಿಮಳದಲ್ಲಿ.

ಪರಿಮಳಕ್ಕೆ ಕಾರಣ ಸಿಪ್ಪೆಯ ಕೆಳಗಿನ ಕೋಶಗಳಲ್ಲಿ ಹೆಚ್ಚಾಗಿ ತುಂಬಿಕೊಂಡಿರುವ, ಬೇಗ ಆವಿಯಾಗುವ ತೈಲ. ಹಸಿ ಶುಂಠಿಯ ಖಾರಕ್ಕೆ ಕಾರಣವಾದ ಮುಖ್ಯ ವಸ್ತು ಜಿಂಜರಾಲ್. ಗೆಡ್ಡೆಯನ್ನು ಒಣಗಿಸಿದಾಗ ಈ ಜಿಂಜರಾಲ್‌ನ ಒಂದು ಪಾಲು ನೀರಿನ ಅಂಶವನ್ನು ಕಳೆದುಕೊಂಡು ಶೋಗಾಲ್ ಎಂಬ ಬೇರೊಂದು ವಸ್ತುವಾಗುತ್ತದೆ. ಶೋಗಾಲ್‌ನ ಖಾರ ಜಿಂಜರಾಲ್‌ನ ಸುಮಾರು ಇಮ್ಮಡಿ. ಒಣ ಶುಂಠಿಯ ಕಷಾಯ ಗಂಟಲಿನಲ್ಲಿ ಹೆಚ್ಚು ಹೊತ್ತು ಉರಿಯುವುದು ಇದರಿಂದಲೇ. ಶುಂಠಿಯನ್ನು ಚೆನ್ನಾಗಿ ಬೇಯಿಸಿದಾಗ ಜಿಂಜರೋನ್ ಎಂಬ ಇನ್ನೊಂದು ವಸ್ತು ಉಂಟಾಗುತ್ತದೆ. ಇದರ ಖಾರ ಮೃದು, ರುಚಿಯಲ್ಲಿ ಸ್ವಲ್ಪ ಸಿಹಿಯ ಛಾಯೆ. ಹೀಗೆ ತಂಬುಳಿಯ ಶುಂಠಿ, ಸಾರಿನ ಶುಂಠಿ, ಕಷಾಯದ ಶುಂಠಿ ಮೂರೂ ಒಂದೇ ಗಿಡದವಾದರೂ ಒಳಗಿನ ವಸ್ತು ಪೂರ್ತಿ ಒಂದೇ ಅಲ್ಲ. ಆಯುರ್ವೇದವು ಹಸಿಯದನ್ನು ಆರ್ದ್ರಕವೆಂದೂ ಒಣಗಿದ್ದನ್ನು ಶುಂಠಿಯೆಂದೂ ಬೇರೆಬೇರೆಯಾಗಿ ಹೇಳಿ, ಒಣಗಿದ್ದನ್ನು ಕರಿಮೆಣಸು ಮತ್ತು ಹಿಪ್ಪಲಿಯೊಡನೆ ತ್ರಿಕಟುವಿನಲ್ಲಿ ಸೇರಿಸಿರುವುದು ಈ ದೃಷ್ಟಿಯಿಂದ ಗಮನಿಸತಕ್ಕ ಸಂಗತಿ.

ಅಡುಗೆಮನೆಯಲ್ಲಿ ಎಲ್ಲರಿಗೂ ಅನುಭವವಾಗಿರುವ ಇನ್ನೊಂದು ವಿಷಯವಿದೆ. ಹಸಿ ಶುಂಠಿಯನ್ನು ಜಜ್ಜಿ ಬಿಸಿ ಹಾಲಿಗೆ ಹಾಕಿದರೆ ಹಾಲು ಒಡೆಯುತ್ತದೆ. ಹಾಲು ಹಾಳಾಗಿತ್ತೆಂದು ಹಾಲು ತಂದವರನ್ನು ದೂರುವ ಮೊದಲು ಶುಂಠಿಯನ್ನು ನೆನೆಯಬೇಕು. ಅದರಲ್ಲಿರುವ ಜಿಂಜಿಬೈನ್ ಎಂಬ ಕಿಣ್ವ ಸಸಾರಜನಕವನ್ನು ಕಡಿಯುವ ಗುಣವುಳ್ಳದ್ದು. ಶುಂಠಿಯನ್ನು ಮೊದಲು ನೀರಿನಲ್ಲಿ ಕೆಲವು ನಿಮಿಷ ಕುದಿಸಿ ಆಮೇಲೆ ಹಾಲು ಸೇರಿಸಿದರೆ ಕಿಣ್ವ ನಾಶವಾಗಿರುವುದರಿಂದ ಹಾಲು ಒಡೆಯುವುದಿಲ್ಲ.

ಹೊಟ್ಟೆಗೆ ಆಗುವ ಉಪಕಾರ

ಊಟಕ್ಕೆ ಮೊದಲು ಹಸಿ ಶುಂಠಿಯ ಚೂರನ್ನು ಉಪ್ಪಿನೊಡನೆ ತಿನ್ನುವುದು ಹಿತವೆಂದು 16ನೆಯ ಶತಮಾನದ ಭಾವಪ್ರಕಾಶದಲ್ಲಿ ಹೇಳಿದೆ. ಇಂದಿನ ಪರೀಕ್ಷೆಗಳು ಈ ಮಾತಿಗೆ ಸ್ವಲ್ಪಮಟ್ಟಿಗೆ ಆಧಾರ ಒದಗಿಸಿವೆ. ತೈವಾನಿನಲ್ಲಿ 24 ಮಂದಿ ಆರೋಗ್ಯವಂತರಿಗೆ 1.2 ಗ್ರಾಂ ಶುಂಠಿ ಪುಡಿ ಕೊಟ್ಟು, ಒಂದು ಗಂಟೆಯ ಬಳಿಕ ಸೂಪು ಕುಡಿಸಿ ನೋಡಲಾಯಿತು. ಜಠರದಲ್ಲಿದ್ದ ಸೂಪಿನ ಅರ್ಧ ಭಾಗ ಖಾಲಿಯಾಗಲು ಶುಂಠಿಯಿಲ್ಲದಾಗ ಸುಮಾರು 27 ನಿಮಿಷ ಬೇಕಾಗಿದ್ದರೆ ಶುಂಠಿಯೊಡನೆ ಸುಮಾರು 13 ನಿಮಿಷ ಸಾಕಾಯಿತು. ಈ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಊಟದ ನಂತರ ಹೊಟ್ಟೆ ಉಬ್ಬರಿಸಿ ಭಾರವಾಗುವವರಿಗೆ ಶುಂಠಿ ಹಾಕಿದ ಮಜ್ಜಿಗೆ ನೀರು ಹಗುರವೆನಿಸುವುದು ಕೇವಲ ನಂಬಿಕೆಯಲ್ಲ.

ವಾಕರಿಕೆಯ ವಿಷಯದಲ್ಲಿ ಆಧಾರ ಇನ್ನೂ ಗಟ್ಟಿ. ಡೆನ್ಮಾರ್ಕಿನಲ್ಲಿ ಸಮುದ್ರಯಾನದ ರೂಢಿಯಿಲ್ಲದ 80 ಮಂದಿ ನೌಕಾದಳದ ತರುಣರ ಮೇಲೆ ನಡೆದು 1988ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 1 ಗ್ರಾಂ ಶುಂಠಿ ಪುಡಿ ಪಡೆದವರಲ್ಲಿ ವಾಂತಿಯೂ ತಣ್ಣನೆಯ ಬೆವರೂ ಕಡಿಮೆಯಾಗಿದ್ದವು. ಥಾಯ್ಲೆಂಡಿನಲ್ಲಿ 70 ಮಂದಿ ಗರ್ಭಿಣಿಯರಿಗೆ ದಿನಕ್ಕೆ 1 ಗ್ರಾಂನಂತೆ ನಾಲ್ಕು ದಿನ ಕೊಟ್ಟಾಗ ವಾಕರಿಕೆ ಹಾಗೂ ವಾಂತಿ ತಗ್ಗಿದ್ದು 2001ರಲ್ಲಿ ವರದಿಯಾಯಿತು. ಘಟ್ಟದ ತಿರುವುಗಳಲ್ಲಿ ಬಸ್ಸಿನಲ್ಲಿ ಹೋಗುವಾಗ ಶುಂಠಿಯ ಚೂರನ್ನು ಬಾಯಲ್ಲಿಟ್ಟುಕೊಳ್ಳುವ ಪದ್ಧತಿಯನ್ನು ಹಳ್ಳಿಯ ಹೆಂಗಸರಿಗೆ ಯಾವ ವಿಜ್ಞಾನಿಯೂ ಕಲಿಸಬೇಕಾಗಿ ಬಂದಿರಲಿಲ್ಲ. ಮಂಡಿಯ ಸವೆತದ ನೋವಿನಲ್ಲಿಯೂ ಸ್ವಲ್ಪ ಆರಾಮ ದೊರೆಯುವುದು ಕೆಲವು ಪರೀಕ್ಷೆಗಳಲ್ಲಿ ಕಂಡಿದೆ. ಆದರೆ ಅದು ಅಲ್ಪ.

ತೂಕದ ಲೆಕ್ಕ

ಇನ್ನು ಮುಖ್ಯ ಪ್ರಶ್ನೆ. ಶುಂಠಿಯಿಂದ ತೂಕ ಇಳಿಯುತ್ತದೆ ಎಂಬ ಮಾತಿಗೆ ಆಧಾರವೇ ಇಲ್ಲವೆಂದಲ್ಲ. ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಪರೀಕ್ಷೆಯಲ್ಲಿ, ತೂಕ ಹೆಚ್ಚಿದ್ದ 10 ಮಂದಿ ಗಂಡಸರಿಗೆ ಬೆಳಗಿನ ಉಪಾಹಾರದೊಂದಿಗೆ 2 ಗ್ರಾಂ ಶುಂಠಿ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ ಕೊಡಲಾಯಿತು. ಉಂಡ ಆಹಾರವನ್ನು ಅರಗಿಸಲು ಶರೀರ ವ್ಯಯಮಾಡುವ ಶಕ್ತಿ ಸುಮಾರು 43 ಕ್ಯಾಲೊರಿಯಷ್ಟು ಹೆಚ್ಚಿತು. ಹಸಿವೂ ಕಡಿಮೆಯೆನಿಸಿತೆಂದು ಅವರು ತಿಳಿಸಿದರು. ಆದರೆ ಒಟ್ಟು ಶಕ್ತಿವ್ಯಯದಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಪೊಟ್ಟಣ ಮಾರುವವರು ಮೊದಲಿನ ಎರಡು ಮಾತುಗಳನ್ನು ಹೇಳಿ ಮೂರನೆಯದನ್ನು ನುಂಗಿಕೊಳ್ಳುತ್ತಾರೆ.

ವಾದಕ್ಕಾಗಿ ಆ 43 ಕ್ಯಾಲೊರಿ ಪ್ರತಿದಿನವೂ ಪೂರ್ತಿಯಾಗಿ ಉಳಿಯಿತೆಂದೇ ಇಟ್ಟುಕೊಳ್ಳೋಣ. ಶರೀರದ ಒಂದು ಕಿಲೊ ಬೊಜ್ಜಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿರುತ್ತದೆ. ದಿನಕ್ಕೆ 43ರಂತೆ ಅದನ್ನು ಕರಗಿಸಲು 179 ದಿನ ಬೇಕು. ಅಂದರೆ ನೆಟ್ಟ ಶುಂಠಿ ಹಸಿಯಾಗಿ ಕೀಳುವ ಹದಕ್ಕೆ ಬರುವಷ್ಟು ಕಾಲದಲ್ಲಿ ಒಂದು ಕಿಲೊ, ಅದೂ ಕಾಗದದ ಮೇಲೆ. ಇನ್ನೊಂದು ಕಡೆಯಿಂದ ನೋಡಿದರೆ, ಒಂದು ಚಹಾ ಚಮಚ ಸಕ್ಕರೆ ಸುಮಾರು 5 ಗ್ರಾಂ, ಅದರಲ್ಲಿ 20 ಕ್ಯಾಲೊರಿ. ಶುಂಠಿ ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿದೊಡನೆ ಶುಂಠಿಯಿಂದ ಬರಬಹುದಾಗಿದ್ದ ಲಾಭವೆಲ್ಲ ಅದೇ ಲೋಟದಲ್ಲಿ ಮುಗಿಯಿತು. ದಿನಕ್ಕೆ ಅಂಥ ನಾಲ್ಕು ಲೋಟ ಕುಡಿಯುವವರು 160 ಕ್ಯಾಲೊರಿಯನ್ನು ಸಕ್ಕರೆಯಿಂದಲೇ ಪಡೆಯುತ್ತಾರೆ. ಬೆಲ್ಲ ಹಾಕಿದರೆ ತೊಂದರೆಯಿಲ್ಲವೆಂಬ ಭಾವನೆ ಸರಿಯಲ್ಲ. ತೂಕದ ಮಟ್ಟಿಗೆ ಬೆಲ್ಲವೂ ಹೆಚ್ಚುಕಡಿಮೆ ಸಕ್ಕರೆಯೇ. ಜೇನಿಗೂ ಇದೇ ಮಾತು ಸಲ್ಲುತ್ತದೆ.

ಶುಂಠಿ ಮತ್ತು ತೂಕದ ಬಗ್ಗೆ ನಡೆದ 14 ಪರೀಕ್ಷೆಗಳನ್ನು, ಒಟ್ಟು 473 ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಮರ್ಶೆಯೊಂದು 2019ರಲ್ಲಿ ಪ್ರಕಟವಾಯಿತು. ತೂಕದಲ್ಲಿಯೂ ಸೊಂಟದ ಅಳತೆಯ ಅನುಪಾತದಲ್ಲಿಯೂ ಬರಿಹೊಟ್ಟೆಯ ರಕ್ತದ ಸಕ್ಕರೆಯಲ್ಲಿಯೂ ಇಳಿಕೆ ಕಂಡುಬಂದಿತ್ತು. ಎತ್ತರಕ್ಕೆ ತಕ್ಕ ತೂಕವನ್ನು ತೋರಿಸುವ ಸೂಚ್ಯಂಕ ಮಾತ್ರ ಗಣನೀಯವಾಗಿ ಬದಲಾಗಿರಲಿಲ್ಲ. ಪರೀಕ್ಷೆಗಳು ಚಿಕ್ಕವು, ಕೊಟ್ಟ ಪ್ರಮಾಣಗಳು ಬೇರೆಬೇರೆ. ಇದರಿಂದ ತಿಳಿಯುವುದೆಂದರೆ, ಊಟ ಮತ್ತು ಕೆಲಸವನ್ನು ತಿದ್ದಿಕೊಂಡವರಿಗೆ ಶುಂಠಿ ಸ್ವಲ್ಪ ಕೈಜೋಡಿಸಬಹುದು. ತಿದ್ದಿಕೊಳ್ಳದವರಿಗೆ ಅದು ಏನನ್ನೂ ಮಾಡಲಾರದು.

ತೋಟದ ಮನೆಗಳಲ್ಲಿ ಈ ವಿಷಯಕ್ಕೆ ಮಹತ್ವ ಬಂದಿರುವುದಕ್ಕೆ ಕಾರಣವಿದೆ. ನೀರೆತ್ತಲು ಪಂಪು, ಹುಲ್ಲು ಕತ್ತರಿಸಲು ಯಂತ್ರ, ಪೇಟೆಗೆ ಹೋಗಲು ಸ್ಕೂಟರು ಬಂದ ಮೇಲೆ ಮೈಮುರಿಯುವ ದುಡಿಮೆ ಕಡಿಮೆಯಾಯಿತು. ಕುಚ್ಚಲಕ್ಕಿಯ ಅನ್ನದ ಬಟ್ಟಲು ಮಾತ್ರ ಹಾಗೆಯೇ ಉಳಿಯಿತು. ಬೇಯಿಸಿದ 100 ಗ್ರಾಂ ಅನ್ನದಲ್ಲಿ ಸುಮಾರು 130 ಕ್ಯಾಲೊರಿ ಇರುತ್ತದೆ. ಅರ್ಧ ಗಂಟೆ ಗುಡ್ಡೆ ಹತ್ತಿ ಇಳಿದರೆ 100 ಕ್ಯಾಲೊರಿಗೂ ಹೆಚ್ಚು ವ್ಯಯವಾಗುತ್ತದೆ. ಹೋಲಿಕೆಗೆ ಶುಂಠಿಯ 43ನ್ನು ಪಕ್ಕದಲ್ಲಿಟ್ಟು ನೋಡಬಹುದು. ಭಾರತೀಯರಲ್ಲಿ ಬೊಜ್ಜು ಹೊಟ್ಟೆಯ ಸುತ್ತ ಸೇರುವುದು ಹೆಚ್ಚಾದ್ದರಿಂದ, ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರನ್ನೂ ಹೆಂಗಸರದು 80 ಸೆಂಟಿಮೀಟರನ್ನೂ ಮೀರಬಾರದೆಂದು ವೈದ್ಯರು ಹೇಳುತ್ತಾರೆ. ದರ್ಜಿಯ ಟೇಪು ಇದ್ದರೆ ಸಾಕು, ಮನೆಯಲ್ಲಿಯೇ ಅಳೆದುಕೊಳ್ಳಬಹುದು.

ಹಾಗಾದರೆ ತೂಕ ಇಳಿಸುವವರಿಗೆ ಶುಂಠಿಯಿಂದ ನಿಜವಾದ ಪ್ರಯೋಜನ ಎಲ್ಲಿ? ಅದು ರುಚಿಯಲ್ಲಿದೆ. ಎಣ್ಣೆ, ಸಕ್ಕರೆ, ಉಪ್ಪು ಕಡಿಮೆ ಮಾಡಿದಾಗ ಅಡುಗೆ ಸಪ್ಪೆಯಾಗಿ ನಾಲ್ಕೇ ದಿನದಲ್ಲಿ ಬೇಸರ ಬರುತ್ತದೆ. ಆ ಸಪ್ಪೆಯನ್ನು ಕಳೆಯಲು ಶುಂಠಿ ಒಳ್ಳೆಯ ಸಾಧನ. ಸಕ್ಕರೆ ಹಾಕಿದ ತಂಪು ಪಾನೀಯದ ಬದಲು ಶುಂಠಿ, ಕರಿಬೇವು, ಚಿಟಿಕೆ ಉಪ್ಪು ಹಾಕಿದ ಬೆಣ್ಣೆ ತೆಗೆದ ಮಜ್ಜಿಗೆ ಕುಡಿಯುವುದು; ಸಂಜೆಯ ಸಿಹಿ ಚಹಾದ ಬದಲು ಕೊತ್ತಂಬರಿ, ಜೀರಿಗೆ, ಒಣ ಶುಂಠಿಯ ಕಷಾಯವನ್ನು ಬೆಲ್ಲವಿಲ್ಲದೆ ಕುಡಿಯುವುದು; ತಂಬುಳಿಗೆ ಕಾಯಿತುರಿಯನ್ನು ಅರ್ಧಕ್ಕೆ ಇಳಿಸಿ ಶುಂಠಿಯನ್ನು ಸ್ವಲ್ಪ ಮುಂದಾಗಿ ಹಾಕುವುದು, ಇಂಥ ಬದಲಾವಣೆಗಳಿಂದ ದಿನಕ್ಕೆ ನೂರಿನ್ನೂರು ಕ್ಯಾಲೊರಿ ತಪ್ಪುತ್ತದೆ. ಉಪ್ಪಿನಕಾಯಿಯ ರೂಪದಲ್ಲಿ ಶುಂಠಿ ತಿನ್ನುವುದರಿಂದ ಈ ಪ್ರಯೋಜನ ಸಿಗದು. ಅದರಲ್ಲಿ ಉಪ್ಪು ಬಹಳ, ಅದರ ಜೊತೆಗೆ ಅನ್ನವೂ ಒಂದು ಹಿಡಿ ಹೆಚ್ಚೇ ಇಳಿಯುತ್ತದೆ.

ಪ್ರಮಾಣ ಮತ್ತು ಎಚ್ಚರಿಕೆ

ದಿನಕ್ಕೆ 5ರಿಂದ 10 ಗ್ರಾಂ ಹಸಿ ಶುಂಠಿ, ಇಲ್ಲವೇ 1ರಿಂದ 2 ಗ್ರಾಂ ಒಣ ಶುಂಠಿ ಪುಡಿ ವಯಸ್ಕರಿಗೆ ಸಾಕು. ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು ದೊಡ್ಡ ತುಂಡನ್ನು ಹಸಿಯ ಅಳತೆಯಾಗಿ ಇಟ್ಟುಕೊಳ್ಳಬಹುದು. ಮಟ್ಟಸವಾದ ಒಂದು ಚಹಾ ಚಮಚ ಪುಡಿ ಸುಮಾರು 2 ಗ್ರಾಂ ತೂಗುತ್ತದೆ. ದಿನಕ್ಕೆ 4 ಗ್ರಾಂ ಪುಡಿಯನ್ನು ಮೀರತಕ್ಕದ್ದಲ್ಲ. ಹೆಚ್ಚು ತಿಂದರೆ ಹೆಚ್ಚು ಗುಣವೆಂದು ಭಾವಿಸಿದವರಿಗೆ ಮೊದಲು ಸಿಗುವುದು ಎದೆಯುರಿ, ನಂತರ ಭೇದಿ. ಬರಿಹೊಟ್ಟೆಯಲ್ಲಿ ಕುಡಿಯಬೇಕೆಂಬ ನಿಯಮವೇನೂ ಇಲ್ಲ. ಹುಳಿತೇಗಿನ ತೊಂದರೆಯುಳ್ಳವರು ಊಟದೊಡನೆ ಸೇವಿಸುವುದೇ ಸರಿ.

ಕೆಲವರು ವಿಶೇಷ ಎಚ್ಚರಿಕೆ ವಹಿಸಬೇಕು. ಹೃದಯದ ಕಾಯಿಲೆಗಾಗಿ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮುಂತಾದ ಔಷಧ ಸೇವಿಸುವವರು ಶುಂಠಿಯ ಪುಡಿ, ಕ್ಯಾಪ್ಸೂಲುಗಳನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ರಕ್ತಸ್ರಾವದ ಸಂಭವ ಹೆಚ್ಚಬಹುದು. ಅಡುಗೆಯಲ್ಲಿ ಬೀಳುವಷ್ಟಕ್ಕೆ ಸಾಮಾನ್ಯವಾಗಿ ಹೆದರಬೇಕಾಗಿಲ್ಲ. ಶಸ್ತ್ರಚಿಕಿತ್ಸೆಗೆ ಹೋಗುವವರು ತಾವು ಕುಡಿಯುತ್ತಿರುವ ಕಷಾಯವನ್ನೂ ವೈದ್ಯರಿಗೆ ತಿಳಿಸಬೇಕು. ಪಿತ್ತಕೋಶದಲ್ಲಿ ಕಲ್ಲು ಇರುವವರು ಕೇಳಿಯೇ ಬಳಸಬೇಕು. ಗರ್ಭಿಣಿಯರಿಗೆ ದಿನಕ್ಕೆ 1 ಗ್ರಾಂ ಪುಡಿಯ ಪ್ರಮಾಣ ಮಿತಿಯಾಗಿರಲಿ, ಅದೂ ದಾದಿಯರ ಅಥವಾ ವೈದ್ಯರ ಸಲಹೆಯಂತೆ.

ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡಕ್ಕೆ ಗುಳಿಗೆ ಸೇವಿಸುವವರ ವಿಷಯವನ್ನು ಕಾರ್ಯಕರ್ತರು ಸಭೆಗಳಲ್ಲಿ ಬಿಡಿಸಿ ಹೇಳಬೇಕು. ಶುಂಠಿಯಿಂದ ರಕ್ತದ ಸಕ್ಕರೆ ಸ್ವಲ್ಪ ಇಳಿದ ಪರೀಕ್ಷೆಗಳಿವೆ ಎಂಬುದು ನಿಜ. ಅದೇ ಕಾರಣಕ್ಕಾಗಿ ಗುಳಿಗೆ ಅಥವಾ ಇನ್ಸುಲಿನ್ ಜೊತೆಗೆ ದೊಡ್ಡ ಪ್ರಮಾಣದಲ್ಲಿ ಶುಂಠಿ ಸೇವಿಸಿದರೆ ಸಕ್ಕರೆ ಅತಿಯಾಗಿ ಇಳಿಯಬಹುದು; ಗುಳಿಗೆ ಬಿಟ್ಟರೆ ತಿಳಿಯದಂತೆ ಏರುತ್ತಾ ಹೋಗಿ ಕಣ್ಣು, ಮೂತ್ರಪಿಂಡ, ಕಾಲಿನ ನರಗಳಿಗೆ ಪೆಟ್ಟು ಬೀಳುತ್ತದೆ. ಏರಿದ ಸಕ್ಕರೆಗೆ ನೋವಿಲ್ಲ. ಆದ್ದರಿಂದಲೇ ಕಷಾಯ ಕುಡಿದು ಚೆನ್ನಾಗಿದ್ದೇನೆಂಬ ಭ್ರಮೆ ಹುಟ್ಟುತ್ತದೆ.

ಮನೆಗೊಂದು ಏರುಮಡಿ

ನಾಲ್ಕೈದು ಮಂದಿಯ ಮನೆಗೆ ದಿನಕ್ಕೆ 25 ಗ್ರಾಂನಂತೆ ವರ್ಷಕ್ಕೆ ಸುಮಾರು 9 ಕಿಲೊ ಹಸಿ ಶುಂಠಿ ಬೇಕು. ಇದಕ್ಕೆ ಒಂದು ಮೀಟರು ಅಗಲ, ಆರು ಮೀಟರು ಉದ್ದದ ಒಂದೇ ಏರುಮಡಿ ಸಾಕು. ಚೆನ್ನಾಗಿ ನೋಡಿಕೊಂಡರೆ 10ರಿಂದ 12 ಕಿಲೊ ನಿರೀಕ್ಷಿಸಬಹುದು.

ಜಾಗದ ಆಯ್ಕೆಯಲ್ಲಿಯೇ ಅರ್ಧ ಬೆಳೆ ಇದೆ. ಶುಂಠಿಗೆ ಸ್ವಲ್ಪ ನೆರಳು ಒಗ್ಗುತ್ತದೆ, ಅಡಿಕೆ ತೋಟದಲ್ಲಿ ಅಂತರ ಬೆಳೆಯಾಗಿಯೂ ಬರುತ್ತದೆ. ಆದರೆ ನೀರು ನಿಲ್ಲುವುದನ್ನು ಅದು ಸಹಿಸದು. ಆಟಿ ತಿಂಗಳ ಮಳೆಯಲ್ಲಿ ತೋಟದ ತಗ್ಗಿನಲ್ಲಿ ನೆಟ್ಟ ಶುಂಠಿ ಕೊಳೆಯದೆ ಉಳಿಯುವುದು ಕಷ್ಟ. ಅಲ್ಲದೆ ಅಡಿಕೆಗೆ ಹೊಡೆದ ಬೋರ್ಡೋ ದ್ರಾವಣ ಕೆಳಗಿನ ಬೆಳೆಯ ಮೇಲೂ ತೊಟ್ಟಿಕ್ಕುತ್ತದೆ. ಮನೆಬಳಕೆಯ ಮಡಿಯನ್ನು ಅಂಗಳದ ಅಂಚಿನಲ್ಲಿ, ನೀರು ಬಸಿದುಹೋಗುವ ಎತ್ತರದ ಜಾಗದಲ್ಲಿ ಮಾಡುವುದು ಉತ್ತಮ. ಮಡಿಯ ಎತ್ತರ 30 ಸೆಂಟಿಮೀಟರು ಇರಲಿ, ಎರಡೂ ಬದಿಗೆ ಕಣಿ ತೆಗೆಯಬೇಕು. ಹಿಂದಿನ ವರ್ಷ ಶುಂಠಿ ಇದ್ದ ನೆಲ ಬೇಡ.

ಮೇ ತಿಂಗಳ ಮೊದಲ ಭಾಗದಲ್ಲಿ, ಮುಂಗಾರಿನ ಮುನ್ನ ಬರುವ ಮಳೆ ಬಿದ್ದೊಡನೆ ನೆಡತಕ್ಕದ್ದು. ರೋಗವಿಲ್ಲದ ಬುಡದಿಂದ ಆರಿಸಿದ, ಒಂದೆರಡು ಮೊಳಕೆಗಳಿರುವ, 20ರಿಂದ 25 ಗ್ರಾಂ ತೂಕದ ತುಂಡುಗಳನ್ನು ಲೀಟರಿಗೆ 3 ಗ್ರಾಂ ಮ್ಯಾಂಕೋಜೆಬ್ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ಅದ್ದಿ ನೆರಳಿನಲ್ಲಿ ಆರಿಸಬೇಕು. ಮಡಿಗೆ 15ರಿಂದ 18 ಕಿಲೊ ಚೆನ್ನಾಗಿ ಕಳಿತ ಹಟ್ಟಿಗೊಬ್ಬರ, ಒಂದೂಕಾಲು ಕಿಲೊ ಬೇವಿನ ಹಿಂಡಿ ಸೇರಿಸಿ, 25 ಸೆಂಟಿಮೀಟರು ಅಂತರದಲ್ಲಿ ನೆಟ್ಟರೆ 96 ಬುಡಗಳಾಗುತ್ತವೆ. ಬಿತ್ತನೆಗೆ ಎರಡರಿಂದ ಎರಡೂವರೆ ಕಿಲೊ ಗೆಡ್ಡೆ ಬೇಕಾಗುತ್ತದೆ. ನೆಟ್ಟ ದಿನವೇ ಹಸಿರು ಸೊಪ್ಪನ್ನು ದಪ್ಪವಾಗಿ ಹೊದಿಸಬೇಕು. 45 ದಿನಕ್ಕೂ 90 ದಿನಕ್ಕೂ ಕಳೆ ತೆಗೆದು ಮತ್ತೆ ಸೊಪ್ಪು, ಮಣ್ಣು ಕೊಡಬೇಕು. ಸೊಪ್ಪಿನ ಹೊದಿಕೆಯಿಲ್ಲದೆ ಕರಾವಳಿಯ ಮಳೆಗೆ ಮಡಿ ನಿಲ್ಲದು.

ತಳಿಗಳಲ್ಲಿ ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ವರದ, ಮಹಿಮಾ, ರೇಜಾತ ಇವೆ. ರಿಯೋ ಡಿ ಜನೈರೋ ಹಸಿ ಬಳಕೆಗೆ ಹೆಸರಾದರೆ, ಮಾರನ್ ಒಣ ಶುಂಠಿಗೆ ಹೆಸರಾದದ್ದು.

ಎಲೆ ಹಳದಿಯಾಗಿ ಕಾಂಡವನ್ನು ಎಳೆದಾಗ ಬುಡದಿಂದ ಸಲೀಸಾಗಿ ಕಿತ್ತು ಬಂದರೆ ಅದು ಗೆಡ್ಡೆ ಕೊಳೆ ರೋಗ. ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟಾಗ ಹಾಲಿನಂಥ ಎಳೆ ಇಳಿದರೆ ಅದು ದುಂಡಾಣು ಸೊರಗು ರೋಗ. ಮನೆಯ ಮಡಿಯಲ್ಲಿ ಎರಡಕ್ಕೂ ಒಳ್ಳೆಯ ಉಪಾಯವೆಂದರೆ ಆ ಬುಡವನ್ನು ಮಣ್ಣುಸಹಿತ ಕಿತ್ತು ದೂರ ಸಾಗಿಸಿ ಸುಡುವುದು. ತಿನ್ನುವ ಗೆಡ್ಡೆಯ ಬುಡಕ್ಕೆ ಹರಳು ಕೀಟನಾಶಕ ಹಾಕುವ ಹಳೆಯ ರೂಢಿಯನ್ನು ಬಿಡಲೇಬೇಕು. ಹಿಂದೆ ಶುಂಠಿಗೆ ಧಾರಾಳವಾಗಿ ಬಳಸುತ್ತಿದ್ದ ಫೋರೇಟ್ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧಗೊಂಡಿದೆ. ಕೊಟ್ಟಿಗೆಯ ಮೂಲೆಯಲ್ಲಿ ಉಳಿದ ಹಳೆಯ ಚೀಲವಿದ್ದರೆ ಅದನ್ನೂ ಬಳಸತಕ್ಕದ್ದಲ್ಲ.

ಕೀಳುವುದು, ಒಣಗಿಸುವುದು

ಹಸಿ ಬಳಕೆಗೆ ಆರು ತಿಂಗಳಾದ ಮೇಲೆ ಬೇಕಾದಾಗ ಒಂದೊಂದೇ ಬುಡ ಕೀಳಬಹುದು. ಆಗ ನಾರು ಕಡಿಮೆ. ಒಣಗಿಸುವುದಕ್ಕೆ ಎಲೆಗಳು ಪೂರ್ತಿ ಒಣಗುವ ಎಂಟನೆಯ ತಿಂಗಳವರೆಗೆ ಕಾಯಬೇಕು. ತೊಳೆದು ರಾತ್ರಿ ನೀರಿನಲ್ಲಿ ನೆನೆಸಿ, ಬಿದಿರಿನ ಹರಿತವಾದ ಸೀಳಿನಿಂದ ಸಿಪ್ಪೆಯನ್ನು ತೆಳ್ಳಗೆ ಹೆರೆಯಬೇಕು. ಕಬ್ಬಿಣದ ಚಾಕು ಬಣ್ಣ ಕೆಡಿಸುತ್ತದೆ. ಆಳವಾಗಿ ಹೆರೆದರೆ ತೈಲದ ಕೋಶಗಳು ಸಿಪ್ಪೆಯೊಡನೆಯೇ ಹೋಗುತ್ತವೆ. ವಾರದಿಂದ ಹತ್ತು ದಿನ ಬಿಸಿಲಿನಲ್ಲಿ ಒಣಗಿಸಿದಾಗ ಐದು ಕಿಲೊ ಹಸಿಯಿಂದ ಸುಮಾರು ಒಂದು ಕಿಲೊ ಒಣ ಶುಂಠಿ ದೊರೆಯುತ್ತದೆ. ಮುರಿದಾಗ ಟಕ್ಕೆಂದು ತುಂಡಾಗಬೇಕು.

ಪೇಟೆಯಿಂದ ಕೊಳ್ಳುವವರು ಅತಿ ಬಿಳುಪಾದ ಒಣ ಶುಂಠಿಗೆ ಮರುಳಾಗಬಾರದು. ಅದು ಸುಣ್ಣದ ನೀರಿನಲ್ಲಿ ಅದ್ದಿ ಬಿಳುಪು ಮಾಡಿದ್ದಾಗಿರಬಹುದು. ಕೈಯಿಂದ ಉಜ್ಜಿದರೆ ಬಿಳಿ ಪುಡಿ ಅಂಟುತ್ತದೆ. ತಿಳಿ ಕಂದು ಬಣ್ಣದ್ದೇ ಸಹಜವಾದುದು. ಬೂಷ್ಟು ಹಿಡಿದ ಗೆಡ್ಡೆಯನ್ನು ಒರಸಿ ಬಳಸದೆ ಎಸೆಯಬೇಕು. ಬೂಷ್ಟಿನ ವಿಷ ಕುದಿಸುವುದರಿಂದ ಹೋಗದು. ಪುಡಿಯನ್ನು ಒಂದು ತಿಂಗಳಿಗೆ ಸಾಕಾಗುವಷ್ಟು ಮಾತ್ರ ಮಾಡಿ ಬಿಗಿಮುಚ್ಚಳದ ಬಾಟಲಿಯಲ್ಲಿಡಬೇಕು, ಉಳಿದ ಗೆಡ್ಡೆಯನ್ನು ಇಡಿಯಾಗಿಯೇ ಇಟ್ಟುಕೊಳ್ಳುವುದು ಲೇಸು. ಮುಂದಿನ ಮೇ ತಿಂಗಳ ಬಿತ್ತನೆಗೆ ರೋಗ ತಗಲದ ಬುಡಗಳಿಂದ ಮೂರು ಕಿಲೊ ಗೆಡ್ಡೆಯನ್ನು ಬೇರೆಯಾಗಿ ಆರಿಸಿ, ನೆರಳಿನಲ್ಲಿ ಮರಳಿನ ಪದರಗಳ ನಡುವೆ ಇಡತಕ್ಕದ್ದು.